ಯಜಮಾನರ ಪಾಲು

ಇಷ್ಟೆಲ್ಲ ರಂಪಕ್ಕೂ ಕಾರಣ ನೀರಿನ ಮೋಟಾರಿನ ಒಂದು ಪುಟ್ಟ ವಾಷರು.

ಟಿ. ನರಸೀಪುರದ ಸಿದ್ದಮಲ್ಲಪ್ಪನವರು ನೌಕರಿಯ ಕಾಲದಲ್ಲಿ ನಂಜನಗೂಡಿನಲ್ಲಿ ಕೆಳಗೊಂದು ಮೇಲೊಂದು ಎಂದು ಎರಡು ಪೋರ್ಷನ್ ಮನೆ ಕಟ್ಟಿಸಿ, ರಿಟೈರಾದ ಮೇಲೆ ಬಾಡಿಗೆ ತಿಂದುಕೊಂಡು ಕಾಲು ಚಾಚಿ ಕೂರುವ ಕನಸು ಕಂಡಿದ್ದರು. ಕಾಲು ಚಾಚುವುದಿರಲಿ, ಬಸ್ಸಿನಲ್ಲಿ ಕಾಲೂರಲು ಜಾಗ ಸಿಕ್ಕರೆ ಸಾಕಾಗಿತ್ತು. ಕೆಳಗಿನ ಮನೆಯ ಜಯತೀರ್ಥ ಮೇಷ್ಟ್ರೂ ಮೇಲಿನ ಮನೆಯ ಗೊಬ್ಬರದಂಗಡಿ ಬೆಟ್ಟಸ್ವಾಮಿಯೂ ಹದಿನಾಲ್ಕು ವರ್ಷದಿಂದ ಅಲ್ಲಿದ್ದರು. ಬಾಡಿಗೆ ಒಂದು ತಿಂಗಳೂ ತಪ್ಪಿಸಿದವರಲ್ಲ. ಅದು ಕೆಟ್ಟಿದೆ, ಇದು ಸೋರುತ್ತಿದೆ ಎಂಬ ಫೋನೂ ಅಷ್ಟೇ.

ವಾಷರು ಹಾಕಿಸಿ ಸುಸ್ತಾಗಿ ಬಂದ ಗಂಡನಿಗೆ ಚನ್ನಾಜಮ್ಮ ನೀರೂ ಕೊಡದೆ ಕೇಳಿದರು: “ಆ ಮನೆ ಕಟ್ಸಿದ್ದು ನಮ್ಮ ಸುಖಕ್ಕೋ, ಬಸ್ಸಿನೋರ ಸುಖಕ್ಕೋ? ಇನ್ನೊಂದ್ಸಲ ರಿಪೇರಿ ಅಂತ ಹೊರಟ್ರೆ ನಾನು ಕಳಲೆಗೆ ಹೋಯ್ತೀನಿ, ತಮ್ಮನ ಮನೇಗೆ.”

ಸಿದ್ದಮಲ್ಲಪ್ಪನವರಿಗೆ ನಿಜಕ್ಕೂ ಹೆದರಿಕೆಯಾಯಿತು. ಮಾರಿಬಿಡೋಣವೆಂದರೆ ಬಾಡಿಗೆದಾರರಿರುವ ಮನೆಯನ್ನು ಹೊರಗಿನವರು ಮೂಸಿಯೂ ನೋಡರು. ಬಾಡಿಗೆದಾರರಿಗೇ ಮಾರೋಣವೆಂದರೆ ಅವರ ಕೈಯಲ್ಲಿ ಒಟ್ಟಿಗೆ ಅಷ್ಟು ದುಡ್ಡಿಲ್ಲ.

ದಾರಿ ತೋರಿಸಿದವರು ನಂಜನಗೂಡಿನ ಮನೆಯ ಪಕ್ಕದವರಾದ ಪತ್ರ ಬರಹಗಾರ ಶಿವಮಲ್ಲಪ್ಪ. “ಬೆಲೆ ಇವತ್ತೇ ಗೊತ್ತು ಮಾಡ್ಬುಡಿ. ಮೂರು ವರ್ಷ ಅವ್ರು ಬಾಡಿಗೇನೇ ಕೊಟ್ಕೊಂಡಿರ್ಲಿ, ಅದ್ರಲ್ಲಿ ಅರ್ಧ ದುಡ್ಡು ಮನೆ ಬೆಲೇಗೆ ಜಮಾ. ಅಷ್ಟರೊಳ್ಗೆ ಮಿಕ್ಕಿದ್ದು ಕೊಟ್ರೆ ಮನೆ ಅವರ್ದು. ಬ್ಯಾಡ ಅನ್ನಿಸಿದ್ರೆ ಬಿಟ್ಟೋಗ್ಲಿ.”

“ರಿಪೇರಿ?”

“ಅವರವರ ಪಾಲಿಂದು ಅವರವರ್ದೇ. ಸೈನ್ ಬಿದ್ದ ಗಳಿಗೆಯಿಂದ್ಲೇ.”

ಸಿದ್ದಮಲ್ಲಪ್ಪನವರು ಅವರ ಕಾಲಿಗೆ ಬೀಳುವುದೊಂದು ಬಾಕಿ.

ಶುಕ್ರವಾರ ಹತ್ತೂವರೆಗೆ ರಾಹುಕಾಲ. ಅದರೊಳಗೆ ಸಹಿಯಾಗಬೇಕೆಂದು ಎಲ್ಲರೂ ಮೇಷ್ಟ್ರ ನಡುಮನೆಯಲ್ಲಿ ಸೇರಿದರು. ತಟ್ಟೆಯಲ್ಲಿ ಎಲೆಯಡಿಕೆ, ರಸಬಾಳೆ. ಮೇಷ್ಟ್ರ ಹೆಂಡತಿ ಹಂಸಾ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಕಾಫಿಯ ಜೊತೆ ಕೋಡುಬಳೆಯನ್ನೂ ತಂದಿಟ್ಟರು.

“ಕೆಳಗಿನ ಮನೆ ಮೇಷ್ಟ್ರಿಗೆ, ಮೇಲಿಂದು ಬೆಟ್ಟಸ್ವಾಮಿಯೋರ್ಗೆ,” ಎಂದು ಬರೆಯುತ್ತಿದ್ದ ಶಿವಮಲ್ಲಪ್ಪ ತಲೆಯೆತ್ತಿದರು. “ಮೆಟ್ಲು ಯಾರ್ಗೆ?”

“ನಂಗೆ ಸಾ,” ಎಂದ ಬೆಟ್ಟಸ್ವಾಮಿ. “ಮೆಟ್ಲಿಲ್ದೆ ನಾನೇನು ಅಗ್ಗ ಇಡ್ಕಂಡು ಅತ್ತಾಕಾಯ್ತದಾ?”

“ಅದು ನಿಂತಿರೋದು ನಮ್ಮ ನೆಲದ ಮೇಲೆ ಕಣ್ರೀ,” ಎಂದರು ಮೇಷ್ಟ್ರು. “ಕೆಳಗಿನ ಅರ್ಧ ಮೆಟ್ಟಿಲಾದ್ರೂ ನಮಗೆ ಬರಬೇಕು.”

“ಅಂಗಾರೆ ನಾನು ಬೀದಿಯಿಂದ ನೆಗೆದು ಮ್ಯಾಲಿನರ್ಧಕ್ಕೆ ಬೀಳ್ಬೇಕಾ ಮೇಷ್ಟ್ರೇ?”

ಮಾತಿಗೆ ಮಾತು ಬೆಳೆಯಿತು. ಆಗ ಹಂಸಾ ಅಡುಗೆಮನೆಯ ಬಾಗಿಲಿಂದ, “ಯಾಕೆ ಜಗಳ? ಮೆಟ್ಟಿಲು ಯಜಮಾನರ ಹೆಸರಲ್ಲೇ ಇರ್ಲಿ. ಕಟ್ಟಿಸಿದ ಪುಣ್ಯಾತ್ಮರು. ಅವರದೂ ಒಂದು ಗುರುತು ಬೇಡ್ವೇ?” ಎಂದರು. ಪುಣ್ಯಾತ್ಮರ ಎದೆಯುಬ್ಬಿತು. “ಬರ್ಕೊಳಿ,” ಎಂದರು.

ಮುಂದೆ ನೀರಿನ ಟ್ಯಾಂಕು.

“ತಾರಸಿ ನಂದು, ಟ್ಯಾಂಕೂ ನಂದೇಯ,” ಎಂದ ಬೆಟ್ಟಸ್ವಾಮಿ.

“ಆಗ್ಲಿ. ಮೋಟಾರು ನಮ್ಮ ಅಂಗಳದಲ್ಲಿದೆ. ನಾನು ಸ್ವಿಚ್ ಹಾಕದಿದ್ರೆ ನಿಮ್ಮ ಟ್ಯಾಂಕಲ್ಲಿ ಗುಬ್ಬಿ ಗೂಡು ಕಟ್ಟುತ್ತೆ.”

ಕಾಂಪೌಂಡಿನಾಚೆಯಿಂದ ಎದುರುಮನೆಯ ಜವರಮ್ಮ ಕತ್ತು ಚಾಚಿದಳು. “ರಾವುಕಾಲ ಬಂದೋಯ್ತು ಕಣ್ರಪ್ಪಾ! ನಮ್ಮ ಬಾವ ರಾವುಕಾಲ್ದಲ್ಲಿ ಎಮ್ಮೆ ಕೊಂಡು, ಅದು ಬಾವುಂಗೇ ಆಯ್ದು ಆಸ್ಪತ್ರೆ ಸೇರಿಸ್ತು!”

ಸಿದ್ದಮಲ್ಲಪ್ಪನವರಿಗೆ ಬೆವರು ಕಿತ್ತುಕೊಂಡು ಬಂತು. “ಟ್ಯಾಂಕೂ ನಂಗೇ, ಮೋಟಾರೂ ನಂಗೇ ಬರೀರಿ ಸ್ವಾಮಿ! ಮುಗೀತಾ?”

“ಹಿತ್ತಲ ಪಾಯಿಖಾನೆ ಗುಂಡಿ ಒಂದದೆ,” ಎಂದರು ಶಿವಮಲ್ಲಪ್ಪ.

ಇಲ್ಲಿ ಮಾತ್ರ ಬಾಡಿಗೆದಾರರಿಬ್ಬರೂ ಇದ್ದಕ್ಕಿದ್ದಂತೆ ದೊಡ್ಡ ಮನಸ್ಸು ಮಾಡಿದರು. “ಮೇಷ್ಟ್ರು ಇಸ್ಟು ಆಸೆಪಟ್ಟವ್ರೆ, ಅವರ್ಗೇ ಓಗ್ಲಿ ಸಾ,” ಎಂದ ಬೆಟ್ಟಸ್ವಾಮಿ. “ಛೆ ಛೆ, ಬೆಟ್ಟಸ್ವಾಮಿಯವರದು ದೊಡ್ಡ ಸಂಸಾರ, ಅವರಿಗೇ ಇರ್ಲಿ,” ಎಂದರು ಮೇಷ್ಟ್ರು. ಮದುವೆಮನೆಯಲ್ಲಿ ನೀವು ಮೊದಲು ಕೂತ್ಕೊಳ್ಳಿ ಎನ್ನುವಂತೆ ಗುಂಡಿ ಅತ್ತಿಂದಿತ್ತ ಓಡಾಡಿತು. ಗಡಿಯಾರದ ಮುಳ್ಳೂ ಓಡುತ್ತಿತ್ತು.

“ಅತ್ಲಾಗೆ ಅದನ್ನೂ ನಂಗೇ ಬರೀರೀ!” ಎಂದು ಕಿರುಚಿ ಸಿದ್ದಮಲ್ಲಪ್ಪನವರು ಪೆನ್ನು ಕಸಿದುಕೊಂಡರು. ಎಲ್ಲರ ಸಹಿ ಬಿದ್ದು, ಎಲೆಯಡಿಕೆ ಬದಲಾಯಿಸಿ, ಕೈಮುಗಿದದ್ದೂ ಆಯಿತು. ರಾಹು ಒಂದು ನಿಮಿಷ ತಡವಾಗಿ ಬಂದ.

ಸಂಜೆ ಮನೆ ಸೇರಿದವರ ಮುಖದಲ್ಲಿ ಮಗಳ ಮದುವೆ ಮುಗಿಸಿದ ಕಳೆಯಿತ್ತು. “ಇನ್ನು ಅವರವರ ಪಾಲಿನ ರಿಪೇರಿ ಅವರವರ್ದೇ ಕಣೇ! ಆ ಬಸ್ಸಿನ ಸಹವಾಸ ತೀರ್ತು.”

ಚನ್ನಾಜಮ್ಮನಿಗೂ ಸಂತೋಷವಾಯಿತು. “ಸದ್ಯ! ಅಂದ್ರೆ ನಮ್ದೂ ಅಂತ ಅಲ್ಲಿ ಏನೂ ಉಳೀಲಿಲ್ಲ ಅನ್ನಿ.”

“ಉಳಿಸ್ಕೊಳ್ದೆ ಬಿಡ್ತೀನಾ? ಮೆಟ್ಲು, ಟ್ಯಾಂಕು, ಮೋಟಾರು...” ಎಂದು ಹೆಮ್ಮೆಯಿಂದ ಬೆರಳು ಮಡಿಚುತ್ತಿದ್ದವರು ನಾಲ್ಕನೆಯ ಬೆರಳಿಗೆ ತಡೆದು ನಿಂತರು. ಹದಿನಾಲ್ಕು ವರ್ಷ ಅವರನ್ನು ಬಸ್ಸು ಹತ್ತಿಸಿದ್ದೆಲ್ಲ ಆ ಮಡಿಚಿದ ಬೆರಳುಗಳಲ್ಲೇ ಇತ್ತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು.

“ಸಿದ್ದಮಲ್ಲಪ್ಪನವರಾ?” ಹಂಸಾ. ನಿನ್ನೆಯವರೆಗೂ ‘ಸಾರ್’ ಎನ್ನುತ್ತಿದ್ದವರು. “ನಿಮ್ಮ ಗುಂಡಿ ತುಂಬಿ ನಮ್ಮ ಅಂಗಳಕ್ಕೆ ಹರೀತಿದೆ. ಬಾಡಿಗೆಗಿದ್ದಾಗ ಹೇಗೋ ಸಹಿಸ್ಕೊಂಡ್ವಿ. ಈಗ ಸ್ವಂತ ಮನೆ ನೋಡಿ, ನಮಗೂ ಒಂದು ಮರ್ಯಾದೆ ಬೇಡ್ವೇ? ನಾಳೆ ಮೊದಲನೇ ಬಸ್ಸಿಗೇ ಬಂದ್ಬಿಡಿ.”