ವೈನಿಗೆ ತಪ್ಪು ಸಿಕ್ಕ ದಿನ

ನಮ್ಮ ವೈನಿ, ಅಂದರೆ ನಮ್ಮಣ್ಣನ ಹೆಂಡತಿ, ಎದುರಿಗಿದ್ದಾಗ ದಯವಿಟ್ಟು ಯಾವ ಭವಿಷ್ಯವನ್ನೂ ನುಡಿಯಬೇಡಿ. ‘ಸಂಜೆ ಮಳೆ ಬರಬಹುದು’ ಎಂದರೂ ಸಾಕು, ಸಂಜೆ ನಿಮ್ಮ ಮನೆಗೇ ಬಂದು, ‘ಬರಲಿಲ್ಲಲ್ರಿ, ಯಾಕ?’ ಎಂದು ಕೇಳುತ್ತಾರೆ! ಜಗಳಕ್ಕಲ್ಲ, ಅವರಿಗೆ ನಿಜಕ್ಕೂ ಕಾರಣ ಬೇಕು.

ಇದಕ್ಕೆಲ್ಲ ಮೂಲ ಒಂದು ಉಪಗ್ರಹ. ವೈನಿ ದಿನಾ ಯಲಬುರ್ಗಾದಿಂದ ಕೊಪ್ಪಳಕ್ಕೆ ಬಸ್ಸಿನಲ್ಲಿ ಹೋಗಿ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಅವರ ಕಾಲೇಜೂ ಸೇರಿದಂತೆ ಕೆಲವು ಕಾಲೇಜಿನವರು ಕಟ್ಟಿದ, ರೊಟ್ಟಿ ಡಬ್ಬಿಯಷ್ಟಿರುವ ಉಪಗ್ರಹವೊಂದು ಈಗ ಮೇಲೆ ಸುತ್ತುತ್ತಿದೆ. ಅದು ಯಾವಾಗ ಎತ್ತ ಮುಖ ಮಾಡುತ್ತದೆ ಎಂದು ಮೊದಲೇ ಹೇಳುವ ಕಂಪ್ಯೂಟರ್ ಪ್ರೋಗ್ರಾಂ ವೈನಿಯದು. ನಿಜವಾಗಿ ಎತ್ತ ನೋಡಿದೆ ಎಂದು ಉಪಗ್ರಹವೇ ಮೇಲಿನಿಂದ ವರದಿ ಕಳಿಸುತ್ತದೆ. ಹೇಳಿದ್ದಕ್ಕೂ ಆದದ್ದಕ್ಕೂ ತಾಳೆ ನೋಡುವುದೇ ಕೆಲಸ. ಆ ಚಟ ಮನೆಗೂ ಬಸ್ಸಿಗೂ ಹಬ್ಬಿದರೆ ಯಾರೇನು ಮಾಡುವುದು?

ಒಮ್ಮೆ ಕಂಡಕ್ಟರ್ ‘ಈಗ ಬಿಡ್ತೈತ್ರಿ’ ಎಂದ. ಬಸ್ಸು ಅಲುಗಲಿಲ್ಲ. ವೈನಿ ಇಳಿದು ಹೋಗಿ, ‘ನೀವು ಈಗ ಅಂದಿದ್ದು ಯಾವ ಆಧಾರದ ಮ್ಯಾಲ?’ ಎಂದರು. ಅವನು ತಲೆ ಕೆರೆದುಕೊಂಡು, ‘ಡ್ರೈವರ್ ಚಾ ಕುಡ್ಯಾಕ ಹೋಗ್ಯಾರ್ರಿ ಅಕ್ಕಾರ’ ಎಂದ.

‘ಹಂಗಾರ ಚಾ ನಿಮ್ಮ ಲೆಕ್ಕದಾಗ ಇರಲಿಲ್ಲ!’ ವೈನಿ ಖುಷಿಯಿಂದ ಬಂದು ಕೂತರು.

ಆದರೆ ಈ ಬೇಸಿಗೆಯಲ್ಲಿ ಅವರ ಲೆಕ್ಕವೇ ಕೈಕೊಟ್ಟಿತು. ಪರದೆಯ ಮೇಲೆ ಎರಡು ಗೆರೆ. ನೀಲಿ, ವೈನಿ ಹೇಳಿದ್ದು. ಕೆಂಪು, ಉಪಗ್ರಹ ಮಾಡಿದ್ದು. ಮುನಿಸಿಕೊಂಡ ಗಂಡ ಹೆಂಡತಿಯಂತೆ ಒಂದೊಂದು ದಿಕ್ಕಿಗೆ! ಇದು ಸರಿಹೋಗದೆ ಕ್ಯಾಮೆರಾ ಚಾಲೂ ಮಾಡುವಂತಿಲ್ಲ. ಭೂಮಿ ಎಂದುಕೊಂಡು ಸೂರ್ಯನತ್ತ ತಿರುಗಿದರೆ ಅದರ ಕಣ್ಣೇ ಸುಟ್ಟೀತು. ಜೊತೆಗಾರರೊಬ್ಬರು ಫೋನಿನಲ್ಲಿ, ‘ಅಂಕಿ ಒಂಚೂರು ಎಳದಾಡಿ ಕೂಡಿಸಿಬಿಡ್ರಿ ಮೇಡಂ’ ಎಂದರು.

‘ಗೆರಿ ಕೂಡತಾವ್ರಿ. ಕ್ಯಾಮೆರಾ ಗೆರಿ ನೋಡಿ ತಿರಗಂಗಿಲ್ಲಲ್ರಿ!’ ಎಂದು ವೈನಿ ಫೋನಿಟ್ಟರು.

ಮನೆಯಲ್ಲೂ ಪುಕ್ಕಟೆ ಸಲಹೆಗಳು. ‘ಅಲ್ಲಿ ಗಾಳಿ ಜೋರಿರಬೇಕು’ ಎಂದ ಅಣ್ಣ. ‘ದೃಷ್ಟಿ ಆಗೈತಿ’ ಎಂದಳು ಅವ್ವ. ವೈನಿ ಗಂಭೀರವಾಗಿ ಯೋಚಿಸಿ, ‘ಅಷ್ಟು ಮ್ಯಾಲ ಇರೋ ಚೂರುಪಾರು ಗಾಳಿನೂ ಲೆಕ್ಕಕ್ಕ ಹಿಡದೀನ್ರಿ ಅತ್ತಿ. ದೃಷ್ಟಿ ಹಿಡದಿಲ್ಲ!’ ಎಂದರು.

ಒಂದು ಭಾನುವಾರ ಮಧ್ಯಾಹ್ನ ಅವ್ವ ರೊಟ್ಟಿ ಬಡಿಯುತ್ತಿದ್ದಾಗ ಒಳಕೋಣೆಯಿಂದ ಚೀತ್ಕಾರ. ಹಾವು ಕಂಡಿತೆಂದು ನಾನು ಬಡಿಗೆ ಹಿಡಿದು ಓಡಿದೆ.

‘ಅತ್ತೀ! ತಪ್ಪು ನಂದ ಐತ್ರಿ! ನಂದ!’

ಉಪಗ್ರಹದೊಳಗಿನ ಬ್ಯಾಟರಿ, ತಂತಿಗಳೇ ಪುಟ್ಟ ಅಯಸ್ಕಾಂತದಂತಾಗಿ, ಭೂಮಿಯ ಕಾಂತಶಕ್ತಿ ಅದನ್ನು ಮೆಲ್ಲಗೆ ತಿರುಗಿಸುತ್ತಿತ್ತಂತೆ. ವೈನಿ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಸೇರಿಸಿದ್ದೇ ತಡ, ಗೆರೆಗಳು ಒಂದರ ಮೇಲೊಂದು ಕೂತವು! ಅಷ್ಟಕ್ಕೇ ನಂಬುವವರೇ ಇವರು? ಅದುವರೆಗೆ ಮುಟ್ಟದೆ ಇಟ್ಟಿದ್ದ ಬೇರೆ ದಿನಗಳ ವರದಿಗೂ ಹಿಡಿದು ನೋಡಿದರು. ಅಲ್ಲೂ ಕೂಡಿತು!

‘ತಪ್ಪು ತನ್ನದ ಅಂತ ಕುಣಿಯೋ ಸೊಸಿ ನನಗೊಬ್ಬಾಕಿಗೇ ಸಿಕ್ಕಾಳ ನೋಡು!’ ಎಂದು ಅವ್ವ ನಕ್ಕಳು. ಆಮೇಲೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಮೆಲ್ಲಗೆ ಕೇಳಿದಳು, ‘ಈಗ ಎಲ್ಲೈತವಾ ಅದು?’

ವೈನಿ ಪರದೆ ನೋಡಿ, ‘ಈಗ ನಮ್ಮ ಮ್ಯಾಲ ಹೊಂಟೈತ್ರಿ!’ ಎಂದರು.

ಇಬ್ಬರೂ ಅಂಗಳಕ್ಕೆ ಓಡಿದರು. ಅವ್ವ ಸೆರಗು ಹೊದ್ದು ಮುಖವೆತ್ತಿದಳು. ವೈನಿ ಅವಳ ಗದ್ದ ಹಿಡಿದು ಗಂಗಾವತಿ ಕಡೆಗೆ ತುಸು ತಿರುಗಿಸಿದರು. ‘ಅಲ್ಲಿ ನೋಡ್ರಿ ಅತ್ತಿ.’

‘ಹೂಂ, ಕಂಡ್ತವಾ’ ಎಂದಳು ಅವ್ವ.

ಉರಿಬಿಸಿಲಿನಲ್ಲಿ ಏನು ಕಂಡಿತೋ! ವೈನಿ ಏನೂ ಕೇಳಲಿಲ್ಲ. ಗದ್ದ ಹಿಡಿದ ಕೈಯನ್ನೂ ತೆಗೆಯಲಿಲ್ಲ. ಅವರ ಕಣ್ಣು ತುಂಬಿತ್ತು.