ಸೆಲ್ವರಾಜನ ಟ್ರೇಲರಿನ ಕೆಂಪು ದೀಪ

ಕೆಟ್ಟುಹೋದ ವಸ್ತುವಿನ ಮುಂದೆ ಸ್ಕ್ರೂಡ್ರೈವರ್ ಹಿಡಿದು ಕುಳಿತ ಗಂಡಸಿಗೆ ಬರುವ ಗಾಂಭೀರ್ಯ ಪೂಜೆಗೆ ಕುಳಿತಾಗಲೂ ಬರುವುದಿಲ್ಲ. ನನಗಂತೂ ಆ ಗಾಂಭೀರ್ಯವಷ್ಟೇ ಬರುತ್ತದೆ, ರಿಪೇರಿ ಬರುವುದಿಲ್ಲ. ನಾನು ಮುಟ್ಟಿದಂದಿನಿಂದ ನಮ್ಮ ಮನೆಯ ಕರೆಗಂಟೆ ಯಾರೂ ಬಾರದಿದ್ದಾಗ ಮಾತ್ರ ಬಡಿದುಕೊಳ್ಳುತ್ತದೆ. ಆದರೂ ಹಲಸೂರಿನ ನಮ್ಮ ಓಣಿಯಲ್ಲಿ ನನ್ನನ್ನು ನಂಬುವವನೊಬ್ಬನಿದ್ದ, ಪಕ್ಕದ ಮನೆಯ ಸೆಲ್ವರಾಜ್. ತೊಂಬತ್ತರ ದಶಕದಲ್ಲಿ ಕರೆಂಟು ಹೋಗದ ಮದುವೆಯೇ ಇರಲಿಲ್ಲ. ಅವನು ಹಳೆಯ ಜೀಪಿನ ಹಿಂದೆ ಟ್ರೇಲರ್ ಕಟ್ಟಿ, ಅದರಲ್ಲಿ ಜನರೇಟರ್ ಹೇರಿಕೊಂಡು, ಶಿವಾಜಿನಗರದಿಂದ ಕೆ.ಆರ್. ಪುರದವರೆಗಿನ ಛತ್ರಗಳಿಗೆಲ್ಲ ಬೆಳಕು ಕೊಡುತ್ತಿದ್ದ. ಅವನ ಟ್ರೇಲರಿನ ಹಿಂದಿನ ದೀಪಕ್ಕೆ ಮಾತ್ರ ನೆಲೆಯಿರಲಿಲ್ಲ. ಬಲ್ಬಿನ ಹೋಲ್ಡರ್ ಸಡಿಲವಾಗಿ, ಚಕ್ರ ಗುಂಡಿಗಿಳಿದರೆ ಆರುತ್ತಿತ್ತು. ಸೆಲ್ವರಾಜ್ ಇಳಿದುಬಂದು ಅಂಗೈಯಿಂದ ಒಂದೇಟು ಕೊಟ್ಟರೆ ಹತ್ತುತ್ತಿತ್ತು. “ಒಂದಿನ ನೀವೇ ಬಿಚ್ಚಿ ನೋಡ್ಬಿಡಿ ಸಾರ್” ಎನ್ನುತ್ತಿದ್ದ. ಆ ದಿನ ಕೂಡಿಬರಲಿಲ್ಲ. ಭಾನುವಾರ ನನಗೆ ರಜೆ, ಅವನಿಗೆ ಮದುವೆ.

ಅಂಥದೇ ಒಂದು ಮದುವೆಯಲ್ಲಿ ಜನರೇಟರಿನ ಪಕ್ಕ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ.

ಕೆಲವು ವಾರಗಳ ಮೇಲೆ ಅವನ ಹೆಂಡತಿ ಮೇರಿಯಕ್ಕ ಮನೆ ಖಾಲಿ ಮಾಡಿ ಕೋಲಾರದ ಕಡೆ ಅಣ್ಣನ ಮನೆಗೆ ಹೊರಟರು. ಅಣ್ಣ ಬಂದು ಪಾತ್ರೆ, ಮಂಚ, ಹಾಸಿಗೆಯನ್ನೆಲ್ಲ ಅದೇ ಟ್ರೇಲರಿಗೆ ಹೇರುತ್ತಿದ್ದರು. ಸಂಜೆ ಮೇರಿಯಕ್ಕ ನಮ್ಮ ಬಾಗಿಲಿಗೆ ಬಂದು, “ಸಾರ್, ಆ ಲೈಟ್ ಒಂದ್ ನೋಡ್ತೀರಾ? ಹಿಂದೆ ಲಾರಿ ಬರ್ತಾವೆ” ಎಂದರು.

ನನ್ನ ಹೆಂಡತಿ ರಾಯಚೂರಿನವಳು. “ಹೋಗ್ರಿ, ಇವತ್ತೊಂದಿನ ಕೆಡಿಸಬ್ಯಾಡ್ರಿ” ಎಂದು ಮೆಲ್ಲಗೆ ಹೇಳಿ ಇಕ್ಕಳ ತಂದುಕೊಟ್ಟಳು.

ಕೆಂಪು ಮುಚ್ಚಳ ಬಿಚ್ಚಿದೆ. ಹೋಲ್ಡರ್ ಅಲುಗದಿರಲೆಂದು ಅದರ ಬದಿಗೆ ಒಂದು ರಬ್ಬರಿನ ತುಂಡನ್ನು ಸಿಕ್ಕಿಸಲಾಗಿತ್ತು. ಹೊರತೆಗೆದೆ. ಮೇಲೆ ಬಿಳಿ, ಕೆಳಗೆ ನೀಲಿ, ಹವಾಯಿ ಚಪ್ಪಲಿಯದು. ಮೇರಿಯಕ್ಕ ಬಗ್ಗಿ ನೋಡಿದರು.

“ಇದು ಅವರ್ ಚಪ್ಪಲಿ ಸಾರ್. ಹಿಮ್ಮಡಿ ಹತ್ರ ಯಾಕೆ ತುಂಡಾಗಿದೆ ಅಂದ್ರೆ ನಾಯಿ ಕಚ್ತು ಅಂದಿದ್ರು. ಪಾಪ, ಬೀದಿ ನಾಯೀನ ಎಷ್ಟ್ ಬೈದಿದೀನಿ ನಾನು.”

ಅವರು ನಕ್ಕರು. ನಾನೂ ನಕ್ಕೆ. ಅವರ ನಗು ನಡುವೆ ಎಲ್ಲೋ ದಾರಿ ತಪ್ಪಿತು. ಟ್ರೇಲರಿನ ಅಂಚಿಗೆ ಕುಳಿತು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಣ್ಣ ಹಗ್ಗ ಬಿಗಿಯುವುದನ್ನು ನಿಲ್ಲಿಸಿ ಆಚೆ ತಿರುಗಿ ನಿಂತರು. ನಾನು ತುಕ್ಕು ಪೂರ್ತಿ ಹೋಗಿದ್ದ ಹೋಲ್ಡರನ್ನೇ ಮತ್ತೆ ಮತ್ತೆ ಉಪ್ಪುಕಾಗದದಿಂದ ಉಜ್ಜುತ್ತ ಕುಳಿತೆ. ಆಮೇಲೆ ಅದರ ಕಿವಿಗಳನ್ನು ಇಕ್ಕಳದಲ್ಲಿ ಅದುಮಿ, ವೈರು ಬಿಗಿದು, ಬಲ್ಬು ಕೂರಿಸಿದೆ. ದೀಪ ಹತ್ತಿತು. ಅಣ್ಣ ಟ್ರೇಲರನ್ನು ಹಿಡಿದು ಅಲುಗಾಡಿಸಿದರೂ ಆರಲಿಲ್ಲ. ರಬ್ಬರಿನ ತುಂಡನ್ನು ಮೇರಿಯಕ್ಕ ಕೇಳಿ ಇಸಿದುಕೊಂಡು ಪರ್ಸಿನಲ್ಲಿಟ್ಟುಕೊಂಡರು.

ಜೀಪು ಹೊರಟಾಗ ನಾವಿಬ್ಬರೂ ಓಣಿಯ ತುದಿಯವರೆಗೆ ಹೋದೆವು. ಒಂದೊಂದು ಗುಂಡಿ ಬಂದಾಗಲೂ ಈಗ ಆರುತ್ತದೆ ಎಂದುಕೊಂಡೆ. ಆರಿದರೆ ನಿಲ್ಲಿಸುತ್ತಾರೆ, ನನ್ನನ್ನು ಕರೆಯುತ್ತಾರೆ, ಮೇರಿಯಕ್ಕ ನಮ್ಮ ಮನೆಯಲ್ಲಿ ಇನ್ನೊಂದು ಲೋಟ ಕಾಫಿ ಕುಡಿಯುತ್ತಾರೆ. ಕೆಂಪು ದೀಪ ಹಾಗೆಯೇ ಉರಿಯುತ್ತ ಹಳೇ ಮದ್ರಾಸು ರಸ್ತೆಗೆ ತಿರುಗಿತು.

“ಚೊಲೊ ಮಾಡೀರಿ” ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತ.

ಇಷ್ಟು ವರ್ಷಗಳಲ್ಲಿ ಅವಳು ಮೆಚ್ಚಿದ ನನ್ನ ರಿಪೇರಿ ಅದೊಂದೇ. ಕೆಟ್ಟುಹೋಗಲಿ ಎಂದು ನಾನು ಬಯಸಿದ್ದೂ ಅದೊಂದನ್ನೇ.