ಅತ್ತಿಗೆಯ ಅರ್ಧ ಲೋಟ

ನಮ್ಮ ಅತ್ತಿಗೆಯ ಕೈಯಲ್ಲಿ ಈಚೆಗೆ ಲೋಟದ ತುಂಬ ಕಾಫಿ ಕುಡಿದವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ, ಶಾಲು ಹೊದಿಸಿ ಸನ್ಮಾನ ಮಾಡುತ್ತೇನೆ! ನನಗಂತೂ ಆ ಭಾಗ್ಯವಿಲ್ಲ. ವೈಟ್‌ಫೀಲ್ಡಿನ ಆಫೀಸಿನಲ್ಲಿ ದಿನವಿಡೀ ಮೀಟಿಂಗುಗಳಲ್ಲಿ ಜೀವ ಹಿಂಡಿಸಿಕೊಂಡು, ಹೂಡಿಯ ಮನೆಗೆ ಬಂದು ಸೋಫಾದ ಮೇಲೆ ಬಿದ್ದರೆ ಕೈಗೆ ಬರುವುದು ಅರ್ಧ ಲೋಟ. ಅಣ್ಣನಿಗೂ ಅರ್ಧ, ಅಪ್ಪನಿಗೂ ಅರ್ಧ, ಮನೆಗೆ ಬಂದ ಬೀಗರಿಗೂ ಅರ್ಧ. ಕೇಳಿದರೆ, "ಪೂರ್ತಿ ತುಂಬಿದ್ರೆ ಚೆಲ್ಲುತ್ತೆ ಕಣಪ್ಪಾ. ಬೇಕಿದ್ರೆ ಇನ್ನೊಂದ್ಸಲ ಹಾಕ್ತೀನಿ, ಕಾಫಿ ಎಲ್ಲೂ ಓಡಿಹೋಗಲ್ಲ" ಎನ್ನುತ್ತಾರೆ. ಇನ್ನೊಂದು ಸಲ ಕೇಳುವಷ್ಟು ತ್ರಾಣ ನನಗಾದರೂ ಎಲ್ಲಿದೆ?

ಅತ್ತಿಗೆ ನಡುಕವನ್ನು ಓದಿ, ನಡುಕದಿಂದಲೇ ಸಂಬಳ ತರುವವರು. ಕಾರ್ಖಾನೆಗಳಲ್ಲಿ ಮೇಲೆ ಉದ್ದಕ್ಕೆ ಹಾಕಿದ ಉಕ್ಕಿನ ತೊಲೆಗಳ ಮೇಲೆ ಕ್ರೇನು ಓಡಾಡುತ್ತದಲ್ಲ, ಅದು ಓಡುವಾಗ ತೊಲೆ ಎಷ್ಟು ಬಾಗುತ್ತದೆ, ಎಷ್ಟು ಅದುರುತ್ತದೆ ಎಂದು ಅಳೆಯುವುದು ಅವರ ಕೆಲಸ. ಇವತ್ತು ಪೀಣ್ಯ, ನಾಳೆ ಜಿಗಣಿ. ಅಲ್ಲೇ ಅಳೆದು ಸುಮ್ಮನೆ ಮನೆಗೆ ಬಂದರಾಯಿತಲ್ಲ? ಊಹೂಂ! ಮೆಟ್ರೋದಲ್ಲೂ ಕೈಯಲ್ಲಿ ನೀರಿನ ಬಾಟಲಿ. ಕುಡಿಯುವುದಕ್ಕಲ್ಲ, ಒಳಗಿನ ಅಲೆ ನೋಡುವುದಕ್ಕೆ. ರಸ್ತೆ ದಾಟುವ ಪಾದಚಾರಿ ಸೇತುವೆಯ ನಟ್ಟನಡುವೆ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ನಿಂತುಬಿಡುತ್ತಾರೆ. ಕಾಲಿನಲ್ಲಿ ನಡುಕ ಕೇಳುವುದಂತೆ! ಒಮ್ಮೆ ಹಿಂದಿನಿಂದ ಬಂದ ಅಜ್ಜಿಯೊಬ್ಬಳು, "ಇಲ್ಯಾವ ದ್ಯಾವ್ರು ಕಣವ್ವಾ?" ಎಂದು ತಾನೂ ಚಪ್ಪಲಿ ಬಿಟ್ಟು ಕೈಮುಗಿದಳು. ನಾನೂ ಮುಗಿದೆ. ವಿವರಿಸುವ ಶಕ್ತಿ ಇರಲಿಲ್ಲ.

ಒಂದು ಭಾನುವಾರ, ನನ್ನ ಗ್ರಹಚಾರ, "ಅದೇನು ಅತ್ತಿಗೆ ನಿಮ್ಮ ನಡುಕ?" ಎಂದು ಕೇಳಿಬಿಟ್ಟೆ. ನೇರ ಬಾಲ್ಕನಿಗೆ ಎಳೆದೊಯ್ದರು. ಬಟ್ಟೆ ಒಣಹಾಕುವ ಹಗ್ಗಕ್ಕೆ ನನ್ನ ಒದ್ದೆ ಶರ್ಟನ್ನು ಹ್ಯಾಂಗರ್ ಸಮೇತ ನೇತುಹಾಕಿದರು.

"ಶರ್ಟು ಗಾಡಿ, ಹಗ್ಗ ದಾರಿ ಅನ್ಕೋ. ನಿಧಾನ ಹೋದ್ರೆ ಗಾಡಿಯ ನಡುಕಾನ ದಾರಿನೇ ಹೊತ್ಕೊಂಡು ಹೋಗಿ ದೂರ ಬಿಟ್ಟು ಬರುತ್ತೆ. ಒಂದು ಮಿತಿ ದಾಟಿ ಓಡ್ತು ಅನ್ಕೋ, ಆಗ ಓಟದ ಶಕ್ತಿನೇ ನಡುಕಕ್ಕೆ ಊಟ. ಓಡಿದಷ್ಟೂ ನಡುಕ ತಿಂದು ಕೊಬ್ಬುತ್ತೆ. ನೋಡೀಗ!"

ಹ್ಯಾಂಗರನ್ನು ಬೀಸಿ ತಳ್ಳಿದರು. ಹಗ್ಗ ಕುಣಿಯಿತು, ಶರ್ಟು ಹಾರಿತು, ಕೆಳಗಿನ ಮನೆಯವರ ತುಳಸಿ ಗಿಡ ನನ್ನ ಶರ್ಟು ತೊಟ್ಟು ನಿಂತಿತು.

"ನೋಡಿದ್ಯಾ?" ಎಂದರು ಹೆಮ್ಮೆಯಿಂದ.

"ನೋಡ್ದೆ. ನಾಳೆ ಆಫೀಸಿಗೆ ಅದೇ ಹಾಕ್ಕೋಬೇಕಿತ್ತು."

"ಅದಕ್ಕೇ ನಿಧಾನ ಹೋಗ್ಬೇಕು ಅನ್ನೋದು."

"ಈ ಮಾತನ್ನ ನಮ್ಮ ಮ್ಯಾನೇಜರಿಗೆ ಹೇಳಿ ಅತ್ತಿಗೆ, ನಿಮಗೆ ಪುಣ್ಯ ಬರುತ್ತೆ!"

ನಗುವಿನ ನಡುವೆಯೇ ಮನೆಯಲ್ಲೊಂದು ಚಿಂತೆಯೂ ಇತ್ತು. ಅಪ್ಪನ ಕೈ ನಡುಗಲು ಶುರುವಾಗಿತ್ತು. ನಡೆಯುವಾಗಲೂ ಅಷ್ಟೇ, ಮೊದಲು ಪುಟ್ಟ ಹೆಜ್ಜೆ, ಆಮೇಲೆ ಯಾರೋ ಹಿಂದಿನಿಂದ ನೂಕಿದಂತೆ ಮುಗ್ಗರಿಸುವ ಓಟ. ನೆಂಟರ ಗೃಹಪ್ರವೇಶದಲ್ಲಿ ತುಂಬಿದ ಲೋಟದ ಕಾಫಿ ಪಂಚೆಯ ಮೇಲೆಲ್ಲ ಚೆಲ್ಲಿ, ಜನ "ಅಯ್ಯೋ ಪಾಪ" ಎಂದ ಮೇಲಂತೂ ಹೂಡಿಯಲ್ಲೇ ಹುಟ್ಟಿ ಬೆಳೆದ ಮನುಷ್ಯ ಯಾರ ಮನೆಗೂ ಹೋಗದಾದರು. ಸಂಜೆ ನಾವೆಲ್ಲ ಕೂತು ಕಾಫಿ ಕುಡಿಯುವುದೊಂದೇ ಉಳಿದಿದ್ದ ಸಂತೋಷ. ಅದನ್ನೂ ಬಿಟ್ಟು ಕೋಣೆ ಸೇರಿಬಿಟ್ಟರೆ ಎಂದು ನನಗೆ ಭಯ.

ಅತ್ತಿಗೆ ಮಾತ್ರ ಅವರನ್ನು ಬಿಡದೆ ಬೀದಿ ಕೊನೆಯ ಟೀ ಅಂಗಡಿಗೆ ಹೊರಡಿಸುತ್ತಿದ್ದರು. "ಮಾವ, ನಿಧಾನ! ನನ್ನ ಮಂಡಿ ಹಿಡ್ಕೊಂಡಿದೆ" ಎಂದು ದಾರಿಯುದ್ದಕ್ಕೂ ನಿಂತು ನಿಂತು ಕುಂಟುವುದು. "ಆಯ್ತು ತಾಯೀ, ನಿಧಾನ್ವಾಗೇ ಬಾ" ಎಂದು ಅಪ್ಪನೂ ನಿಲ್ಲುವುದು. ಅಂಗಡಿಯಲ್ಲಿ, "ಅಣ್ಣಾ, ಒಂದು ಬೈಟು!" ಒಂದು ಕಾಫಿ, ಎರಡು ಲೋಟಕ್ಕೆ. ಮನೆಯಲ್ಲೂ ಅರ್ಧ, ಬೀದಿಯಲ್ಲೂ ಅರ್ಧ! ಇಂಥ ಜಿಪುಣತನವನ್ನು ಎಲ್ಲಾದರೂ ಕಂಡಿದ್ದೀರಾ?

ಕಳೆದ ವಾರ ಅತ್ತಿಗೆ ಕ್ರೇನು ಅಳೆಯಲು ಜಿಗಣಿಯಲ್ಲೇ ಉಳಿದರು. ಅಣ್ಣ ಶಿಫ್ಟಿನಲ್ಲಿ. ಕಾಫಿ ನನ್ನ ಪಾಲಿಗೆ ಬಂತು. ಸ್ವಾತಂತ್ರ್ಯ! ಎರಡು ಲೋಟ ಕಂಠಮಟ್ಟ ತುಂಬಿಸಿ ಒಂದನ್ನು ಅಪ್ಪನ ಮುಂದಿಟ್ಟು, ನನ್ನದನ್ನು ಸೊರ್ರೆಂದು ಹೀರಿದೆ.

ಅಪ್ಪ ಲೋಟವನ್ನು ನೋಡಿದರು. ಎರಡೂ ಕೈಗಳನ್ನು ಮೆಲ್ಲಗೆ ಟವೆಲಿನ ಕೆಳಗೆ ಸೇರಿಸಿಕೊಂಡರು.

"ಬಿಸಿ ಐತೆ. ಆಮ್ಯಾಕೆ ಕುಡೀತೀನಿ."

ನನ್ನದು ಮುಗಿಯಿತು. ಅವರದರ ಮೇಲೆ ಕೆನೆ ಕಟ್ಟಿತು.

"ಆರೋಯ್ತಲ್ಲಪ್ಪಾ?"

"ಬ್ಯಾಡ ಕಣ್ಲಾ. ಇವತ್ಯಾಕೋ ಕಾಫಿ ಸೇರಾಕಿಲ್ಲ."

ಆಗ ಹೊಳೆಯಿತು. ಅರ್ಧ ಲೋಟದ ಕಾನೂನು ಬಂದದ್ದು ಆ ಗೃಹಪ್ರವೇಶದ ಮಾರನೆಯ ದಿನದಿಂದ. ಅಪ್ಪನೊಬ್ಬರಿಗೇ ಅರ್ಧ ಕೊಟ್ಟರೆ ಅದು ಕಾಯಿಲೆಯವರ ಲೋಟವಾಗುತ್ತದೆ ಎಂದು ಇಡೀ ಮನೆಗೆ, ಬೀಗರಿಗೆ ಸಹ, ಅರ್ಧ ಸುರಿದು ಜಿಪುಣಿ ಅನ್ನಿಸಿಕೊಂಡಿದ್ದರು ನಮ್ಮ ಅತ್ತಿಗೆ. ಮಂಡಿನೋವಂತೆ! ಕಬ್ಬಿಣದ ಏಣಿ ಹತ್ತಿ ಕ್ರೇನಿನ ತೊಲೆಯ ಮೇಲೆ ಓಡಾಡುವ ಹೆಂಗಸಿಗೆ!

ಲೋಟಗಳನ್ನು ಒಳಗೊಯ್ದು, ಕಾಫಿ ಬಿಸಿ ಮಾಡಿ, ಎರಡಕ್ಕೂ ಅರ್ಧರ್ಧ ಸುರಿದು ತಂದು ಪಕ್ಕದಲ್ಲಿ ಕೂತೆ. ಅಪ್ಪ ಟವೆಲಿನಿಂದ ಕೈ ತೆಗೆದು ಲೋಟ ಎತ್ತಿಕೊಂಡರು. ಕೈ ನಡುಗಿತು, ಕಾಫಿ ಕುಲುಕಾಡಿತು. ಚೆಲ್ಲಲಿಲ್ಲ.

"ಯಾಕ್ಲಾ, ನೀನೂ ಅವಳಂಗೇ ಜಿಪುಣ ಆಗ್ಬುಟ್ಯಾ?" ಎಂದರು.

"ಹೂಂ ಕಣಪ್ಪಾ."

ಕುಡಿದು ಮುಗಿಸಿ ಖಾಲಿ ಲೋಟವನ್ನು ನನ್ನತ್ತ ಚಾಚಿದರು. "ಇನ್ನರ್ಧ ಐತಾ?"